ಟ್ರ್ಯಾಕ್ಟರ್ ಚಕ್ರದ ಗಾಳಿ ಮತ್ತು ಡೀಸೆಲ್ ಉಳಿತಾಯ

ತರೀಕೆರೆ ಸೀಮೆಯಲ್ಲಿ ಒಂದೇ ಟ್ರ್ಯಾಕ್ಟರು ವರ್ಷದೊಳಗೆ ಹಲವು ಬಗೆಯ ನೆಲವನ್ನು ತುಳಿಯುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಅಜ್ಜಂಪುರ, ಶಿವನಿ ಕಡೆಯ ಎರೆಹೊಲಗಳ ಉಳುಮೆ. ಭದ್ರಾ ನಾಲೆಗೆ ನೀರು ಬಿಟ್ಟಾಗ ಗದ್ದೆಯ ಕೆಸರು. ಕೊಯ್ಲು ಮುಗಿದ ಮೇಲೆ ಟ್ರೈಲರಿನಲ್ಲಿ ಈರುಳ್ಳಿಯನ್ನೋ ಅಡಿಕೆಯನ್ನೋ ಹೇರಿಕೊಂಡು ಡಾಂಬರು ರಸ್ತೆಯ ಓಡಾಟ. ಕೆಲಸ ಇಷ್ಟೊಂದು ಬದಲಾದರೂ ಹಿಂದಿನ ದೊಡ್ಡ ಚಕ್ರಗಳ ಗಾಳಿಯನ್ನು ಬದಲಿಸುವವರು ಕಡಿಮೆ. ಪಂಕ್ಚರ್ ಅಂಗಡಿಯಲ್ಲಿ ಎಂದೋ ತುಂಬಿಸಿದ ಗಾಳಿಯಲ್ಲೇ ಎಲ್ಲ ಕೆಲಸವೂ ಸಾಗುತ್ತದೆ. ಡೀಸೆಲ್ ಖರ್ಚಿನ ಒಂದು ಗಣನೀಯ ಪಾಲು ಹೋಗುವುದು ಇಲ್ಲಿಯೇ.

ಹೊಲಕ್ಕೊಂದು, ರಸ್ತೆಗೊಂದು

ರಸ್ತೆಯ ಮೇಲೆ ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಬಾಗಿ ಬಳುಕುತ್ತದೆ. ಹಾಗೆ ಬಳುಕಲು ಬೇಕಾದ ಶಕ್ತಿಯನ್ನು ಎಂಜಿನ್ನೇ ಕೊಡಬೇಕು. ಅದು ಶಾಖವಾಗಿ ವ್ಯರ್ಥವಾಗುವುದಲ್ಲದೆ ಟೈರಿನ ಪಕ್ಕೆ ಬಿರಿಯಲೂ ಕಾರಣವಾಗುತ್ತದೆ. ಆದ್ದರಿಂದ ಟ್ರೈಲರ್ ಎಳೆಯುವಾಗ ಗಾಳಿ ಹೆಚ್ಚಿರಬೇಕು.

ಹೊಲದಲ್ಲಿ ಇದು ತಿರುಗುಮುರುಗು. ಕಲ್ಲಿನಂತೆ ಬಿಗಿಯಾದ ಟೈರಿನ ಸ್ವಲ್ಪ ಭಾಗ ಮಾತ್ರ ನೆಲಕ್ಕೆ ತಾಗುತ್ತದೆ. ಅದು ಮಣ್ಣನ್ನು ಹಿಡಿಯುವ ಬದಲು ಸೀಳಿಕೊಂಡು ಇಳಿಯುತ್ತದೆ, ನಿಂತಲ್ಲೇ ತಿರುಗುತ್ತದೆ. ಗಾಳಿ ಹದವಾಗಿದ್ದರೆ ಟೈರು ಅಂಗೈಯಂತೆ ಹರಡಿಕೊಂಡು ಹೆಚ್ಚು ಹಲ್ಲುಗಳಿಂದ ಮಣ್ಣನ್ನು ಹಿಡಿಯುತ್ತದೆ. 1932ರಲ್ಲಿ ಅಮೆರಿಕದ ಅಲಿಸ್-ಚಾಮರ್ಸ್ ಕಂಪೆನಿಯವರು ಟ್ರ್ಯಾಕ್ಟರಿನ ಕಬ್ಬಿಣದ ಚಕ್ರಗಳನ್ನು ತೆಗೆದು ಗಾಳಿ ಟೈರು ಹಾಕಿದರು. ಅವರು ಮೊದಲು ಪ್ರಯೋಗಕ್ಕೆ ಬಳಸಿದ್ದು ವಿಮಾನದ ಟೈರುಗಳನ್ನು, ಅದೂ ಕಡಿಮೆ ಗಾಳಿಯಲ್ಲಿ.

ಮಧ್ಯಮ ಗಾತ್ರದ ಟ್ರ್ಯಾಕ್ಟರುಗಳ ಹಿಂದಿನ ಟೈರಿಗೆ ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ ಚದರ ಅಂಗುಲಕ್ಕೆ 12ರಿಂದ 16 ಪೌಂಡು ಗಾಳಿ ಸಾಕು. ರಸ್ತೆಯ ಸಾಗಣೆಗೆ ಇದಕ್ಕಿಂತ ನಾಲ್ಕಾರು ಪೌಂಡು ಹೆಚ್ಚಿಸಬೇಕಾಗುತ್ತದೆ. ಟೈರಿನ ಅಳತೆಗೂ ಹೊರೆಗೂ ತಕ್ಕ ಖಚಿತ ಅಂಕಿ ಟ್ರ್ಯಾಕ್ಟರಿನೊಡನೆ ಬಂದ ಕೈಪಿಡಿಯಲ್ಲಿ ಇರುತ್ತದೆ, ಅದನ್ನೇ ಪಾಲಿಸತಕ್ಕದ್ದು. ಕಡಿಮೆ ಒಳ್ಳೆಯದೆಂದು ತೀರ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತುಬರುತ್ತದೆ. ಕಾಲಿನಿಂದ ಒದ್ದು, ಕೋಲಿನಿಂದ ಬಡಿದು ಗಾಳಿ ಅಂದಾಜು ಮಾಡುವುದು ಬರಿಯ ಅಭ್ಯಾಸವೇ ಹೊರತು ಅಳತೆಯಲ್ಲ. ಒಂದು ಒತ್ತಡಮಾಪಕವೂ ಕಾಲಿನಿಂದ ಒತ್ತುವ ಪಂಪೂ ಮನೆಯಲ್ಲಿದ್ದರೆ ಬೆಳಗ್ಗೆ ಟೈರು ತಣ್ಣಗಿರುವಾಗಲೇ ನೋಡಬಹುದು. ಓಡಿ ಬಿಸಿಯಾದ ಟೈರು ಮೂರು ನಾಲ್ಕು ಪೌಂಡು ಹೆಚ್ಚು ತೋರಿಸಿ ಮೋಸ ಮಾಡುತ್ತದೆ.

ಜಾರಿಕೆಯನ್ನು ಅಳೆಯುವ ಬಗೆ

ಚಕ್ರ ತಿರುಗಿದಷ್ಟು ಟ್ರ್ಯಾಕ್ಟರು ಮುಂದೆ ಸಾಗದಿರುವುದಕ್ಕೆ ಜಾರಿಕೆ ಎನ್ನುತ್ತಾರೆ. ಜಾರಿಕೆ ಸ್ವಲ್ಪವೂ ಇಲ್ಲದೆ ಎಳೆತವೇ ಸಾಧ್ಯವಿಲ್ಲ. ಗಟ್ಟಿ ನೆಲದಲ್ಲಿ ಶೇ. 8ರಿಂದ 10, ಉತ್ತ ಸಡಿಲ ಮಣ್ಣಿನಲ್ಲಿ ಶೇ. 11ರಿಂದ 13, ತೀರ ಮೆದು ನೆಲದಲ್ಲಿ ಶೇ. 14ರಿಂದ 16 ಇದ್ದರೆ ಸರಿ. ಇದಕ್ಕೆ ಮೀರಿದ್ದು ನಷ್ಟ.

ಅಳೆಯುವುದು ಸುಲಭ. ಹಿಂದಿನ ಟೈರಿನ ಪಕ್ಕೆಗೆ ಸುಣ್ಣದಿಂದ ಒಂದು ಗುರುತು ಹಾಕಬೇಕು. ನೇಗಿಲು ನೆಲದಲ್ಲಿರುವಾಗ ಚಕ್ರ ಸರಿಯಾಗಿ 10 ಸುತ್ತು ತಿರುಗುವಷ್ಟು ದೂರ ಉತ್ತು, ಎರಡು ತುದಿಗೂ ಗೂಟ ನೆಡಬೇಕು. ಅನಂತರ ನೇಗಿಲನ್ನು ಎತ್ತಿ, ಅದೇ ಗೇರಿನಲ್ಲಿ ಅಷ್ಟೇ ದೂರ ಸಾಗಿ ಸುತ್ತುಗಳನ್ನು ಎಣಿಸಬೇಕು. ಎಂಟೂವರೆ ಸುತ್ತು ಬಂದರೆ ಜಾರಿಕೆ ಶೇ. 15. ಏಳೂವರೆ ಬಂದರೆ ಶೇ. 25, ಅಂದರೆ ನಾಲ್ಕರಲ್ಲಿ ಒಂದು ಸುತ್ತು ಬರಿದೇ ಹೋಯಿತು.

ಇದರ ಬೆಲೆ ಎಷ್ಟು? ಶೇ. 12 ಜಾರಿಕೆಯಲ್ಲಿ 100 ಗಂಟೆಗೆ ಮುಗಿಯುವ ಉಳುಮೆಗೆ ಶೇ. 25 ಜಾರಿಕೆಯಲ್ಲಿ ಸುಮಾರು 117 ಗಂಟೆ ಹಿಡಿಯುತ್ತದೆ. ಗಂಟೆಗೆ 4 ಲೀಟರ್ ಡೀಸೆಲ್ ಎಂದಿಟ್ಟುಕೊಂಡರೂ 68 ಲೀಟರ್ ಸುಮ್ಮನೆ ಸುಟ್ಟಂತೆ. ಟೈರು ಸವೆದದ್ದು ಬೇರೆ. ಎಕರೆ ಲೆಕ್ಕದಲ್ಲಿ ಉಳುವುದಾದರೆ ಈ ನಷ್ಟ ಟ್ರ್ಯಾಕ್ಟರ್ ಮಾಲೀಕನದು. ಗಂಟೆ ಬಾಡಿಗೆಯಾದರೆ ಹೊಲದವನದು. ಸ್ವಂತ ಟ್ರ್ಯಾಕ್ಟರಿಲ್ಲದ ಸಣ್ಣ ರೈತ, ತನ್ನದಲ್ಲದ ಚಕ್ರ ಜಾರಿದ್ದಕ್ಕೆ ತಾನು ಹಣ ತೆರುತ್ತಾನೆ. ಅದು ಅವನ ಗಮನಕ್ಕೂ ಬರುವುದಿಲ್ಲ. ಅಂಥವರು ಚಕ್ರದ ಜಾಡನ್ನು ನೋಡುವುದನ್ನು ಕಲಿಯಬೇಕು. ಹಲ್ಲಿನ ಗುರುತು ಪೂರ್ತಿ ಕಲಸಿ ಅಳಿಸಿಹೋಗಿದ್ದರೆ ಜಾರಿಕೆ ಅತಿಯಾಗಿದೆ. ಅಚ್ಚು ಹೊಡೆದಂತೆ ಚೊಕ್ಕವಾಗಿದ್ದರೆ ಟ್ರ್ಯಾಕ್ಟರಿನ ಭಾರ ಅಗತ್ಯಕ್ಕಿಂತ ಹೆಚ್ಚಿದೆ. ಗುರುತಿನ ನಡುಭಾಗ ತುಸು ಕದಡಿ, ಅಂಚು ಕಾಣುತ್ತಿದ್ದರೆ ಕೆಲಸ ಹದವಾಗಿದೆ.

ಒಂದು ಮಾತು: ಎರೆನೆಲ ಹಸಿಯಾಗಿ ಅಂಟುವಾಗ ಎಂಥ ಟೈರೂ ಜಾರುತ್ತದೆ. ಅಂಥಲ್ಲಿ ಗಾಳಿ ಸರಿಪಡಿಸುವುದಕ್ಕಿಂತ ಒಂದೆರಡು ದಿನ ಕಾದು ಹದ ನೋಡಿ ಉಳುವುದೇ ಲಾಭ.

ಚಕ್ರಕ್ಕೆ ನೀರು, ಭಾರ

ಗಾಳಿ ಸರಿಯಿದ್ದೂ ಚಕ್ರ ಜಾರಿದರೆ ಭಾರ ಸಾಲದೆಂದು ಅರ್ಥ. ಎರಕದ ಬಿಲ್ಲೆಗಳನ್ನು ಕಟ್ಟಬಹುದು, ಅಥವಾ ಟ್ಯೂಬಿನೊಳಗೆ ನೀರು ತುಂಬಬಹುದು. ವಾಲ್ವ್ ಗಡಿಯಾರದ ಹನ್ನೆರಡರ ಸ್ಥಾನಕ್ಕೆ ಬರುವಂತೆ ಚಕ್ರ ನಿಲ್ಲಿಸಿ, ನೀರು ವಾಲ್ವಿನ ಮಟ್ಟಕ್ಕೆ ಬರುವವರೆಗೆ ತುಂಬಿದರೆ ಟೈರಿನ ಮುಕ್ಕಾಲು ಭಾಗ ನೀರಾಗುತ್ತದೆ. ಉಳಿದದ್ದಕ್ಕೆ ಗಾಳಿ. ಟೈರಿನ ಅಳತೆಗೆ ತಕ್ಕಂತೆ ಒಂದೊಂದು ಚಕ್ರಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ಹಿಡಿದು, ಅಷ್ಟೇ ಕಿಲೋ ಭಾರ ಕೂಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ನಮ್ಮಲ್ಲಿ ಅದರ ಗೊಡವೆಯಿಲ್ಲ. ನೀರು ತುಂಬಿದ ಟೈರಿನ ಗಾಳಿಯನ್ನು ವಾಲ್ವ್ ಮೇಲಿರುವಾಗಲೇ ನೋಡಬೇಕು, ಇಲ್ಲವಾದರೆ ಮಾಪಕಕ್ಕೆ ನೀರು ನುಗ್ಗಿ ಕೆಡುತ್ತದೆ.

ಈ ಭಾರ ಎರೆಹೊಲದ ಆಳ ಉಳುಮೆಗೆ ಸರಿ. ಅಡಿಕೆ ತೋಟದೊಳಗೆ ಸಲ್ಲದು. ಅಡಿಕೆಯ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಭಾರದ ಚಕ್ರ ಪದೇ ಪದೇ ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿಯಾಡುವುದಿಲ್ಲ. ರಸ್ತೆ ಸಾಗಣೆಯ ದಿನಗಳಲ್ಲೂ ಬಿಲ್ಲೆಗಳನ್ನು ಬಿಚ್ಚಿಡುವುದು ಒಳ್ಳೆಯದು. ಕೆಸರಿಗೆ ಪಂಜರ ಚಕ್ರವೇ ಸೂಕ್ತ.

ಹೊಗೆ, ಧೂಳು, ಸೋರಿಕೆ

ಬಿತ್ತನೆಯಂಥ ಹಗುರ ಕೆಲಸದಲ್ಲಿ ಒಂದು ಗೇರು ಮೇಲಕ್ಕೆ ಹಾಕಿ, ಥ್ರಾಟಲ್ ತಗ್ಗಿಸಿ, ಅದೇ ವೇಗದಲ್ಲಿ ಓಡಿಸಿದರೆ ಡೀಸೆಲ್ ಉಳಿಯುತ್ತದೆ. ಕರಿಹೊಗೆ ಬಂದರೆ ಹೊರೆ ಹೆಚ್ಚಾಯಿತೆಂದು ತಿಳಿದು ಗೇರು ಇಳಿಸಬೇಕು. ರೋಟವೇಟರಿನಂಥ ಪಿಟಿಓ ಕೆಲಸಗಳಿಗೆ ಈ ಉಪಾಯ ಒಗ್ಗದು, ಅವಕ್ಕೆ ನಿಗದಿಯಾದ ಸುತ್ತು ಬೇಕೇ ಬೇಕು.

ಹಗುರ ಕೆಲಸದಲ್ಲೂ ಕರಿಹೊಗೆ ಕಂಡರೆ ಮೊದಲು ನೋಡಬೇಕಾದ್ದು ಗಾಳಿ ಶೋಧಕವನ್ನು. ಬೇಸಗೆಯ ಧೂಳಿನಲ್ಲಿ ದುಡಿದ ಟ್ರ್ಯಾಕ್ಟರಿನ ಶೋಧಕದ ತಳದಲ್ಲಿ ಕೆಸರೇ ಕೂತಿರುತ್ತದೆ. ಎಣ್ಣೆಯ ಶೋಧಕವಾದರೆ ಎಣ್ಣೆ ಬದಲಿಸಿ ಗುರುತಿನವರೆಗೆ ತುಂಬಬೇಕು. ಇದನ್ನು ಬಿಟ್ಟು, ಎಳೆತ ಹೆಚ್ಚಲೆಂದು ಇಂಧನ ಪಂಪಿನ ಸೀಲು ಒಡೆಸಿ ಡೀಸೆಲ್ ಏರಿಸುವವರಿದ್ದಾರೆ. ಸುಡಲು ಗಾಳಿಯೇ ಇಲ್ಲದೆ ಹೆಚ್ಚಿಸಿದ ಡೀಸೆಲ್ ಹೊಗೆಯಾಗಿ ಹೋಗುತ್ತದೆ. ಪೈಪಿನ ಕೀಲಿನಿಂದ ಕ್ಷಣಕ್ಕೊಂದು ಹನಿ ಸೋರಿದರೆ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ನಷ್ಟ.

ಜೀಪು ಮತ್ತು ಕಾರು

ಮನೆಯ ಕಾರು, ಜೀಪುಗಳಲ್ಲಿ ಗಾಳಿಯ ಲಾಭ ಇಷ್ಟು ದೊಡ್ಡದಲ್ಲ. ನಾಲ್ಕೂ ಟೈರುಗಳಲ್ಲಿ ಒಂದೊಂದು ಪೌಂಡು ಇಳಿದರೆ ಮೈಲೇಜು ಸುಮಾರು ಶೇ. 0.2ರಷ್ಟು ತಗ್ಗುತ್ತದೆಂದು ಅಮೆರಿಕದ ಇಂಧನ ಇಲಾಖೆ ಲೆಕ್ಕ ಹಾಕಿದೆ. ಹತ್ತು ಪೌಂಡು ಇಳಿದರೂ ಶೇ. 2. ಆದರೂ ಟೈರಿನ ಬಾಳಿಕೆಗೂ ಬ್ರೇಕಿನ ಹಿಡಿತಕ್ಕೂ ಸರಿಯಾದ ಗಾಳಿ ಅವಶ್ಯಕ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದ ಅಂಕಿಯೇ ಪ್ರಮಾಣ. ಟೈರಿನ ಪಕ್ಕೆಯ ಮೇಲಿನದು ಗರಿಷ್ಠ ಮಿತಿ.

ಇಂಧನ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ ಮೊದಲಾದವನ್ನು ಕೊಳ್ಳುವುದು ಬೇಡ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದಾಗ ಹೇಳಿಕೊಳ್ಳುವಂಥ ಉಳಿತಾಯ ಕಂಡಿಲ್ಲ. ಅಗಲ ಟೈರು ಇಂಧನವನ್ನು ಹೆಚ್ಚೇ ಕೇಳುತ್ತದೆ. ನೋಂದಣಿ ಪತ್ರದಲ್ಲಿರುವ ರೂಪವನ್ನು ಮನಬಂದಂತೆ ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ತಡೆಯೂ ಇದೆ. ಮಾಡಬಹುದಾದ ಒಳ್ಳೆಯ ಮಾರ್ಪಾಡೆಂದರೆ ಕೆಲಸವಿಲ್ಲದಾಗ ಮೇಲಿನ ಕ್ಯಾರಿಯರ್ ಬಿಚ್ಚಿಡುವುದು.

ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿ ಕಡೆಗೆ ಇಳಿಯುವಾಗ ನ್ಯೂಟ್ರಲ್ ಮಾಡುವ ಚಾಳಿಯೂ ಉಂಟು. ಈಚಿನ ಕಾರುಗಳಲ್ಲಿ ಗೇರಿನಲ್ಲೇ ಇಳಿದಾಗ ಎಂಜಿನ್ನಿಗೆ ಇಂಧನ ತಾನಾಗಿ ನಿಲ್ಲುತ್ತದೆ, ನ್ಯೂಟ್ರಲ್ಲಿನಲ್ಲಿ ನಿಲ್ಲುವುದಿಲ್ಲ. ಎಂಜಿನ್ ಬಂದ್ ಮಾಡಿ ಇಳಿದರಂತೂ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ಯಂತ್ರದ ನೆರವು ನಡುರಸ್ತೆಯಲ್ಲೇ ತಪ್ಪುತ್ತದೆ.