ಅಜ್ಜಿಯ ಪುಸ್ತಕದಲ್ಲಿ ಒಂದು ಸೇರು ಎಂದರೆ ಎಷ್ಟು?

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸಲು ಹೊರಟಾಗ, ಅಟ್ಟ ಖಾಲಿ ಮಾಡುವವರ ಕೈಗೆ ಎರಡು ವಸ್ತುಗಳು ಸಿಗುವುದುಂಟು. ಒಂದು, ರಟ್ಟು ಕಳಚಿದ, ಎಣ್ಣೆಜಿಡ್ಡಿನ ಉದ್ದನೆಯ ಲೆಕ್ಕದ ಪುಸ್ತಕ. ಅದರಲ್ಲಿ ಹಾಲಿನ ಲೆಕ್ಕ, ಅಗಸನ ಲೆಕ್ಕಗಳ ನಡುನಡುವೆ ಹುಳಿಪುಡಿ, ಒಬ್ಬಟ್ಟು, ಕೋಡುಬಳೆ, 'ಮೊಟ್ಟೆ ಇಲ್ಲದ ಕೇಕು' ಇತ್ಯಾದಿ. ಇನ್ನೊಂದು, ಹಿತ್ತಾಳೆಯ ಪಾವು. ಪುಸ್ತಕವನ್ನು ಮೊಮ್ಮಕ್ಕಳು ಜೋಪಾನವಾಗಿ ತೆಗೆದಿಟ್ಟುಕೊಳ್ಳುತ್ತಾರೆ. ಪಾವು ಹಳೇ ಪಾತ್ರೆಯವನ ತಕ್ಕಡಿಗೆ ಹೋಗುತ್ತದೆ. ಅಲ್ಲಿಗೆ ಪುಸ್ತಕದ ಅರ್ಧ ಅರ್ಥವೂ ಹೋದಂತೆಯೇ.

ಹೇಗೆಂದು ನೋಡಿ. 'ಅಚ್ಚೇರು ತೊಗರಿಬೇಳೆಗೆ ಒಂದೂವರೆ ಸೇರು ಬೆಲ್ಲ' ಎಂದು ಒಬ್ಬಟ್ಟಿನ ಪುಟದಲ್ಲಿ ಬರೆದಿದೆ ಎಂದುಕೊಳ್ಳಿ. ಇಂದಿನವರು ಇದನ್ನು ಓದಿ, ಬೇಳೆಯ ಮೂರರಷ್ಟು ಬೆಲ್ಲ ಎಂದು ಅರ್ಥ ಮಾಡಿಕೊಂಡು ಹಾಗೆಯೇ ಹಾಕಿದರೆ, ಹೂರಣ ಕಟ್ಟುವುದಿರಲಿ, ಪಾಯಸವಾಗಿ ಹರಿಯುತ್ತದೆ. ಆಮೇಲೆ 'ಅಜ್ಜಿಯ ಕೈಗುಣ ನಮಗೆಲ್ಲಿ ಬರಬೇಕು' ಎಂಬ ನಿಟ್ಟುಸಿರು. ನಿಜಸಂಗತಿ ಎಂದರೆ, ಇಲ್ಲಿರುವವು ಎರಡು ಬೇರೆ ಬೇರೆ ಸೇರುಗಳು. ಬೇಳೆ, ಅಕ್ಕಿ, ರವೆಗಳನ್ನು ಅಳೆಯುತ್ತಿದ್ದದ್ದು ಅಳತೆಯ ಸೇರಿನಲ್ಲಿ. ಅದು ಈಗಿನ ಲೀಟರಿಗೆ ಹತ್ತಿರ, ತುಸು ಹೆಚ್ಚೇ. ಅದರ ಅರ್ಧ ಅಚ್ಚೇರು, ಕಾಲು ಪಾವು, ಪಾವಿನ ಕಾಲು ಚಟಾಕು. ಬೆಲ್ಲ, ಬೆಣ್ಣೆ, ಹುಣಸೆಹಣ್ಣುಗಳಿಗೆ ಇದ್ದದ್ದು ತೂಕದ ಸೇರು. ಹಳೆಯ ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ತೊಲಕ್ಕೆ 11.66 ಗ್ರಾಂನಂತೆ ಸುಮಾರು 280 ಗ್ರಾಂ. ಅಂಥ ಐದು ಸೇರು ಸೇರಿ ಒಂದು ವೀಸೆ, ಎಂದರೆ 1.4 ಕಿಲೋ. ಈಗ ಒಬ್ಬಟ್ಟಿನ ಲೆಕ್ಕ ಹಾಕಿ. ಒಂದೂವರೆ ಕಚ್ಚಾ ಸೇರು ಬೆಲ್ಲ 420 ಗ್ರಾಂ. ಅಚ್ಚೇರು ಬೇಳೆಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅಜ್ಜಿ ಬರೆದದ್ದು ಸಮಸಮ ಎಂದೇ. ಯಾವ ಸೇರು ಎಂದು ಬರೆಯುವ ಅಗತ್ಯ ಆಕೆಗೆ ಕಾಣಲಿಲ್ಲ. ಬೆಲ್ಲವನ್ನು ಪಾವಿನಲ್ಲಿ ಅಳೆಯುವ ಮಂಕು ಮುಂದೆ ಹುಟ್ಟೀತೆಂದು ಯಾರು ತಾನೆ ಊಹಿಸಿಯಾರು?

ತೂಕ ಮತ್ತು ಅಳತೆಗಳ ಕಾಯಿದೆ ಬಂದದ್ದು 1956ರಲ್ಲಿ. 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಯಾಗಿ, ಅರವತ್ತರ ದಶಕದ ಹೊತ್ತಿಗೆ ಅಂಗಡಿಗಳಲ್ಲಿ ಕಿಲೋಗ್ರಾಂ ನೆಲೆಯೂರಿತು. ಅಡುಗೆಮನೆಗೆ ಮಾತ್ರ ಸರ್ಕಾರದ ಆಜ್ಞೆ ಅಷ್ಟು ಬೇಗ ತಲುಪಲಿಲ್ಲ. ಗಾಂಧಿ ಬಜಾರಿನಲ್ಲಿ ಕಿಲೋ ಲೆಕ್ಕದಲ್ಲಿ ತಂದ ಅಕ್ಕಿಯನ್ನು ಡಬ್ಬಕ್ಕೆ ಸುರಿದ ಮೇಲೆ ಮತ್ತೆ ಪಾವಿನಲ್ಲೇ ಅಳೆಯುತ್ತಿದ್ದರು. ಈಗಲೂ ಅಳೆಯುವ ಮನೆಗಳಿವೆ. ಹೀಗಾಗಿ ಒಂದೇ ಪುಸ್ತಕದಲ್ಲಿ, ಒಂದೇ ಕೈಬರಹದಲ್ಲಿ, ಸೇರು, ಗ್ರಾಂ, 'ಕಾಫಿ ಲೋಟ', 'ನಾಲ್ಕಾಣೆ ಕೊತ್ತಂಬರಿ ಸೊಪ್ಪು' ಎಲ್ಲವೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಈ ಕೊನೆಯದನ್ನು ಬಿಡಿಸಲು ಅರ್ಥಶಾಸ್ತ್ರಜ್ಞರೇ ಬೇಕು.

ಅಳತೆಯಾಯಿತು, ಇನ್ನು ಹದ. ಪುಸ್ತಕದಲ್ಲಿ 'ಹದ ಬಂದ ಮೇಲೆ ಇಳಿಸುವುದು' ಎಂದಿಷ್ಟೇ ಇರುತ್ತದೆ. ಇದನ್ನು ಅಂದಾಜಿನ ಮಾತೆಂದು ತಳ್ಳಿಹಾಕುವವರಿದ್ದಾರೆ. ನನ್ನ ಮಟ್ಟಿಗೆ ಹದವೆಂಬುದು ಖಚಿತವಾದ ಅಳತೆಯೇ. ಮೈಸೂರು ಪಾಕಿಗೆ ಬೇಕಾದ ಎಳೆಪಾಕವನ್ನು ತೆಗೆದುಕೊಳ್ಳಿ. ಸಕ್ಕರೆ ನೀರು ಕುದಿಯುತ್ತ ಹೋದಂತೆ ನೀರಿನಂಶ ಕಡಿಮೆಯಾಗಿ, ಪಾಕದ ಕುದಿಬಿಂದು ಮೇಲೇರುತ್ತದೆ. ಎರಡು ಬೆರಳ ನಡುವೆ ಎಳೆ ನಿಲ್ಲುವುದು ಸಕ್ಕರೆ ಇಂತಿಷ್ಟು ಗಟ್ಟಿಯಾದಾಗ ಮಾತ್ರ. ಪಾಶ್ಚಾತ್ಯ ಪುಸ್ತಕಗಳು ಇದೇ ಹಂತಗಳನ್ನು ಥರ್ಮಾಮೀಟರಿನಲ್ಲಿ ಹೇಳುತ್ತವೆ: ನೀರಿಗೆ ಬಿಟ್ಟಾಗ ಮೆತ್ತಗಿನ ಉಂಡೆ ಕಟ್ಟುವ ಪಾಕಕ್ಕೆ 112ರಿಂದ 116 ಡಿಗ್ರಿ ಸೆಲ್ಸಿಯಸ್. ಆದರೆ ಆ ಅಂಕಿ ಸಮುದ್ರಮಟ್ಟದ್ದು. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಪಾಕದ ಅಂಕಿಯೂ ಮೂರು ಡಿಗ್ರಿಯಷ್ಟು ಕೆಳಗಿಳಿಯಬೇಕು. ಅದನ್ನು ತಿಳಿಯದೆ ಪುಸ್ತಕದ ಡಿಗ್ರಿ ಬರುವವರೆಗೆ ಕಾಯಿಸಿದರೆ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಪಾಕ ಕೆಟ್ಟಿತೆಂದೇ ಲೆಕ್ಕ. ಬೆರಳಿನ ಎಳೆಗೆ ಮಂಗಳೂರಾದರೇನು, ಮಲ್ಲೇಶ್ವರವಾದರೇನು, ವ್ಯತ್ಯಾಸವಿಲ್ಲ.

ಇಂಥದ್ದೇ ಒಂದು ಕುತೂಹಲ 'ಮೊಟ್ಟೆ ಇಲ್ಲದ ಕೇಕಿ'ನ ಪುಟದಲ್ಲಿದೆ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳು ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೆಲೆಸತೊಡಗಿದವು. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದದ್ದೂ ಅದೇ ವರ್ಷವೆಂಬುದು ಪ್ರಚಲಿತ ಇತಿಹಾಸ. ಮುಂದೆ ಬಡಾವಣೆಗಳಲ್ಲೆಲ್ಲ ಹಬ್ಬಿದ ಅಯ್ಯಂಗಾರ್ ಬೇಕರಿಗಳಿಂದಾಗಿ ದಂಟು ಪ್ರದೇಶದ ತಿಂಡಿ ಎನಿಸಿಕೊಂಡಿದ್ದ ಬ್ರೆಡ್ಡು, ಬಿಸ್ಕತ್ತು ಮಡಿವಂತರ ಮನೆಯ ಹೊಸ್ತಿಲನ್ನೂ ದಾಟಿದವು. ಪ್ರತಿಯಾಗಿ ಮನೆಯ ರುಚಿಯೂ ಬೇಕರಿಗೆ ಹೋಯಿತು: ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಬಿದ್ದ ಖಾರಾ ಬನ್ನು ನಮ್ಮ ಅಕ್ಕಿರೊಟ್ಟಿಯ ದಾಯಾದಿಯಲ್ಲದೆ ಮತ್ತೇನು?

ಮನೆಯಲ್ಲಿ ಓವನ್ ಇಲ್ಲದ ಕಾಲದಲ್ಲಿ ಕೇಕು ಬೇಯುತ್ತಿದ್ದದ್ದು ಇದ್ದಲೊಲೆಯ ಮೇಲೆ. ದಪ್ಪ ಪಾತ್ರೆಯ ತಳಕ್ಕೆ ಮರಳು ಹಾಸಿ, ಅದು ಚೆನ್ನಾಗಿ ಕಾದ ಮೇಲೆ ಒಳಗೆ ಕೇಕಿನ ತಟ್ಟೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡುವುದು. ಮರಳು ತಳ ಸೀಯದಂತೆ ಬಿಸಿಯನ್ನು ಸಮನಾಗಿ ಹಂಚುತ್ತದೆ. ಮೇಲಿನ ಕೆಂಡ ಮೇಲ್ಮೈಗೆ ಬಣ್ಣ ಕೊಡುತ್ತದೆ. ಇದು ಬಿಳಿಯರಿಂದ ಕಲಿತ ವಿದ್ಯೆ ಎಂದು ಹಲವರ ನಂಬಿಕೆ. ಆದರೆ 16ನೇ ಶತಮಾನದ ಮೊದಲ ಭಾಗದ ಮೂರನೇ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಮುಚ್ಚಳ ರೊಟ್ಟಿಯನ್ನು ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಕ್ರಮವಿದೆ. ಕೇಕು ಹೊರಗಿನದಿರಬಹುದು, ಕೆಂಡದ ಯುಕ್ತಿ ನಮ್ಮ ಒಲೆಗೆ ಹಳೆಯದು.

ಮೊಟ್ಟೆಯ ಬದಲಿಗೆ ಬಂದದ್ದು ಹುಳಿಮೊಸರು ಮತ್ತು ಅಡುಗೆ ಸೋಡಾ. ಮೊಸರಿನ ಲ್ಯಾಕ್ಟಿಕ್ ಆಮ್ಲ ಸೋಡಾದೊಂದಿಗೆ ಕೂಡಿ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳನ್ನು ಎಬ್ಬಿಸುತ್ತದೆ. ಹಿಟ್ಟು ಉಬ್ಬುವುದು ಅದರಿಂದ. 'ಕಲಸಿದ ಕೂಡಲೇ ಒಲೆಗೆ' ಎಂದು ಎಚ್ಚರಿಕೆ ಬರೆದಿದ್ದರೆ ಕಾರಣ ಇದೇ, ತಡಮಾಡಿದರೆ ಗುಳ್ಳೆಗಳು ಹಾರಿಹೋಗುತ್ತವೆ. ಇಂದಿನ ತೊಂದರೆ ಬೇರೆ. ಪುಸ್ತಕದ ಹುಳಿಮೊಸರು ಎರಡು ದಿನ ಹೊರಗಿಟ್ಟದ್ದು. ನಮ್ಮ ಪ್ಯಾಕೆಟ್ಟಿನ ಮೊಸರು ಫ್ರಿಜ್ಜಿನಲ್ಲಿ ಸಿಹಿಯಾಗಿಯೇ ಕುಳಿತಿರುತ್ತದೆ. ಆಮ್ಲ ಸಾಲದೆ ಸೋಡಾ ಉಳಿದು, ಕೇಕಿಗೆ ಸಾಬೂನಿನ ವಾಸನೆ, ಕಂದುಬಣ್ಣ. ಬೆಣ್ಣೆಯದೂ ಅದೇ ಕಥೆ: ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಉಪ್ಪಿರಲಿಲ್ಲ, ಅಂಗಡಿಯ ಹಳದಿ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅಕ್ಷರಶಃ ಪಾಲಿಸಿದರೂ ರುಚಿ ತಪ್ಪುವುದು ಹೀಗೆ.

ಪುಸ್ತಕ ಬರೆದವರು, ಅಥವಾ ಅವರ ಪಕ್ಕದಲ್ಲಿ ನಿಂತು ಕಲಿತವರು, ಎಂಬತ್ತು ದಾಟಿಯಾದರೂ ಇನ್ನೂ ನಮ್ಮೊಡನಿದ್ದರೆ ಒಂದು ಮಧ್ಯಾಹ್ನ ಅವರೊಂದಿಗೆ ಕುಳಿತುಕೊಳ್ಳುವುದು ಲೇಸು. ಅಳತೆ ಕೇಳಬೇಡಿ, ಕೇಳಿದರೆ 'ಒಂದು ಹಿಡಿ' ಎನ್ನುತ್ತಾರೆ. ಹಿಟ್ಟಿನ ಡಬ್ಬವನ್ನು ಮೊದಲೊಮ್ಮೆ, ಅವರು ಹಾಕಿದ ಮೇಲೊಮ್ಮೆ ತೂಗಿ; ವ್ಯತ್ಯಾಸವೇ ಆ ಹಿಡಿ. ಯಾವ ಮೊಸರು, ಎಷ್ಟು ದಿನದ್ದು ಎಂದು ವಿಚಾರಿಸಿ. ಮನೆಯ ಪಾವು ಇನ್ನೂ ಇದ್ದರೆ ಅದಕ್ಕೆ ನೀರು ತುಂಬಿ, ಎಷ್ಟು ಮಿಲಿಲೀಟರ್ ಹಿಡಿಯಿತೆಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಹಲವು ಪಾವುಗಳ ತಳ ಬಿದ್ದು ಬಿದ್ದು ನೆಗ್ಗಿರುತ್ತದೆ. ನೆಗ್ಗನ್ನು ತಟ್ಟಿಸಿ ಸರಿಮಾಡಿಸುವ ಮುನ್ನವೇ ಅಳೆಯಿರಿ. ನೀವು ತಿಂದ ಒಬ್ಬಟ್ಟು ಆ ನೆಗ್ಗಿದ ಪಾವಿನದು.