ಗಣಕ ಸತ್ತಿತು, ಕಡತಗಳು?

ಹಿಂದಿನ ರಾತ್ರಿಯವರೆಗೂ ನೆಟ್ಟಗೆ ಕೆಲಸ ಮಾಡುತ್ತಿದ್ದ ಗಣಕಯಂತ್ರವು ಬೆಳಿಗ್ಗೆ ಗುಂಡಿ ಒತ್ತಿದರೆ ಉಸಿರೆತ್ತುವುದಿಲ್ಲ. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ, ಪರದೆಯ ಮೇಲೆ ಬರೀ ಕತ್ತಲೆ. ಮನೆಯ ಯಜಮಾನರು ಮತ್ತೆ ಮತ್ತೆ ಗುಂಡಿ ಒತ್ತುತ್ತಾರೆ. ಮಗರಾಯ ಪೆಟ್ಟಿಗೆಯ ನೆತ್ತಿಗೊಂದು ಗುದ್ದು ಕೊಡುತ್ತಾನೆ. ಯಂತ್ರದ ಬೆಲೆಗಾಗಿ ಯಾರೂ ಅಷ್ಟಾಗಿ ಮರುಗುವುದಿಲ್ಲ. ಮಗಳ ಮದುವೆಯ ಚಿತ್ರಗಳು, ತೀರಿಕೊಂಡ ಅಜ್ಜಿ ಹಾಡಿದ ಹಸೆಯ ಹಾಡು, ನಾಲ್ಕು ವರ್ಷ ಕುಳಿತು ಬರೆದ ಪ್ರಬಂಧ—ಎಲ್ಲವೂ ಅದರ ಹೊಟ್ಟೆಯಲ್ಲಿವೆ, ಬೇರೆಲ್ಲಿಯೂ ಇಲ್ಲ ಎಂಬುದೇ ಸಂಕಟ.

ಆದರೆ ಸತ್ತದ್ದು ಯಾವುದು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಮೇಜಿನ ಗಣಕದಲ್ಲಿ ದೇಹ ಬೇರೆ, ನೆನಪು ಬೇರೆ. ಕಡತಗಳೆಲ್ಲ ಇರುವುದು ಹಾರ್ಡ್ ಡಿಸ್ಕ್ ಎಂಬ ಲೋಹದ ಡಬ್ಬಿಯಲ್ಲಿ. ಅದನ್ನು ಪೆಟ್ಟಿಗೆಗೆ ಬಿಗಿದಿರುವುದು ನಾಲ್ಕಾರು ತಿರುಪುಗಳು ಮಾತ್ರ. ಉಳಿದ ಅಂಗಗಳೆಲ್ಲ ಕೆಟ್ಟರೂ ಅದು ಕ್ಷೇಮವಾಗಿರಬಹುದು.

ಆ ಡಬ್ಬಿ ಎಂಥ ಗಟ್ಟಿಜೀವ ಎಂಬುದಕ್ಕೆ ಒಂದು ದುರಂತವೇ ಸಾಕ್ಷಿ ನುಡಿದಿದೆ. 2003ರ ಫೆಬ್ರವರಿ 1ರಂದು ಕೊಲಂಬಿಯ ವ್ಯೋಮನೌಕೆ ಭೂಮಿಗೆ ಮರಳುವಾಗ ಟೆಕ್ಸಾಸಿನ ಆಕಾಶದಲ್ಲಿ ಚೂರುಚೂರಾಯಿತು. ಕರ್ನಾಲಿನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮಡಿದರು. ತಿಂಗಳುಗಳ ಮೇಲೆ ಬತ್ತಿದ ಕೆರೆಯಂಗಳದಲ್ಲಿ ಸುಟ್ಟು ಕರಕಲಾದ ಡಿಸ್ಕೊಂದು ದೊರೆಯಿತು. ಕ್ಸೆನಾನ್ ಅನಿಲವನ್ನು ಕುರಿತ ಪ್ರಯೋಗವೊಂದರ ಅಳತೆಗಳು ಅದರಲ್ಲಿದ್ದವು. ಮಿನೆಸೋಟ ರಾಜ್ಯದ ತಜ್ಞರು ಒಳಗಿನ ತಟ್ಟೆಗಳನ್ನು ಹೊರತೆಗೆದು, ತೊಳೆದು, ಬೇರೊಂದು ಡಿಸ್ಕಿನ ಒಡಲಿನಲ್ಲಿ ಕೂಡಿಸಿ, ನೂರಕ್ಕೆ ತೊಂಬತ್ತೊಂಬತ್ತು ಪಾಲು ಮಾಹಿತಿಯನ್ನು ಓದಿಬಿಟ್ಟರು! ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆಕಾಶದಿಂದ ಬಿದ್ದ ಡಿಸ್ಕೇ ಮಾತನಾಡಿರುವಾಗ, ಮೇಜಿನ ಮೇಲೆ ಕುಳಿತಲ್ಲೇ ಮೂಕವಾದ ಗಣಕದ ಬಗ್ಗೆ ಆಸೆ ಬಿಡುವುದೇಕೆ?

ಇನ್ನು ರೋಗಪರೀಕ್ಷೆ. ದೀಪವೂ ಫ್ಯಾನೂ ಎರಡೂ ಇಲ್ಲವಾದರೆ ವಿದ್ಯುತ್ತಿನ ದಾರಿಯನ್ನೇ ಹಿಡಿದು ಹೋಗಬೇಕು. ಗೋಡೆಯ ಪ್ಲಗ್ಗಿಗೆ ಮೇಜಿನ ದೀಪವನ್ನು ಸಿಕ್ಕಿಸಿ ನೋಡುವುದು ಮೊದಲ ಹೆಜ್ಜೆ. ಬೇರೊಂದು ವೈರನ್ನು ಹಾಕಿ ನೋಡುವುದು ಎರಡನೆಯದು. ಪೆಟ್ಟಿಗೆಯ ಬೆನ್ನಿನ ಚಿಕ್ಕ ಸ್ವಿಚ್ಚು ಮನೆ ಗುಡಿಸುವ ಭರದಲ್ಲಿ ಆರಿರುವುದೂ ಉಂಟು! ಇವೆಲ್ಲ ಸರಿಯಾಗಿದ್ದರೆ ಅನುಮಾನವು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯೊಳಗಿನ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗೆ ಇಳಿಸಿ ಹಂಚುವುದು ಅದರ ಕಾಯಕ. ಹೊಸದನ್ನು ಹಾಕಿಸಿದರೆ ಯಂತ್ರ ಅರ್ಧ ಗಂಟೆಯಲ್ಲಿ ಎದ್ದು ಕೂರಬಹುದು. ಹಳೆಯದನ್ನು ಮಾತ್ರ ಯಾರೂ ಬಿಚ್ಚಿ ನೋಡತಕ್ಕದ್ದಲ್ಲ. ವೈರು ಕಿತ್ತ ಮೇಲೂ ಅದರೊಳಗೆ ಪ್ರಾಣಕ್ಕೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ.

ಫ್ಯಾನು ತಿರುಗಿಯೂ ಪರದೆ ಕತ್ತಲಾಗಿದ್ದರೆ ಕಥೆ ಬೇರೆ. ಪರದೆಯ ವೈರು ಬಿಗಿಯಾಗಿದೆಯೇ ಎಂದು ನೋಡಿದ ಮೇಲೆ ರ‍್ಯಾಮ್ ಪಟ್ಟಿಯ ಸರದಿ. ವೈರನ್ನು ಕಿತ್ತು, ಪಟ್ಟಿಯನ್ನು ಹೊರತೆಗೆದು, ಅದರ ಹೊನ್ನಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು ರಿಪೇರಿಯವರ ಹಳೆಯ ಮದ್ದು. ಎಷ್ಟೋ ಸಲ ಅದೇ ಫಲಿಸುತ್ತದೆ.

ಫಲಿಸದೆ ಹೋದರೆ ಯಂತ್ರದ ಚಿಂತೆ ಬಿಟ್ಟು ಡಿಸ್ಕನ್ನು ಬಿಚ್ಚಿಕೊಳ್ಳುವುದು ಲೇಸು. ಅದನ್ನು ಬೇರೊಂದು ಗಣಕಕ್ಕೆ ಯುಎಸ್‌ಬಿ ಮೂಲಕ ಜೋಡಿಸುವ ಅಡಾಪ್ಟರು ಅಂಗಡಿಯಲ್ಲಿ ಸಿಗುತ್ತದೆ. ಮೂರೂವರೆ ಇಂಚಿನ ದೊಡ್ಡ ಡಿಸ್ಕಿಗೆ ಸ್ವಂತ ವಿದ್ಯುತ್ ಸರಬರಾಜುಳ್ಳದ್ದೇ ಬೇಕು. ಕಡತಗಳು ಕಂಡೊಡನೆ ನಕಲು ಮಾಡಿಕೊಳ್ಳಬೇಕು. ಕಾಣುವ ಬದಲು ‘ಫಾರ್ಮ್ಯಾಟ್ ಮಾಡಲೇ?’ ಎಂದು ಗಣಕ ಕೇಳಿದರೆ ಬೇಡವೆನ್ನಬೇಕು. ಹೂಂ ಎಂದವರು ಅತ್ತದ್ದುಂಟು.

ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರಂತೂ ಆ ಕ್ಷಣವೇ ವಿದ್ಯುತ್ತನ್ನು ತಪ್ಪಿಸಬೇಕು. ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳನ್ನು ಓದುವ ಮುಳ್ಳು ತಲೆಗೂದಲಿನ ದಪ್ಪದ ಸಾವಿರದೊಂದು ಪಾಲಿಗಿಂತ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಆ ಮುಳ್ಳು ತಟ್ಟೆಗೆ ತಗಲಿತೆಂದರೆ ಪ್ರತಿ ಸುತ್ತಿನಲ್ಲಿಯೂ ಅಕ್ಷರಗಳು ಕೆರೆದುಹೋಗುತ್ತವೆ. ಫ್ರಿಜ್ಜಿನಲ್ಲಿಟ್ಟು ತಣಿಸಬೇಕೆಂಬ ಉಪದೇಶವನ್ನು ನಂಬಬಾರದು. ಒಳಗೆ ನೀರ ಹನಿ ಕಟ್ಟಿ ಇದ್ದದ್ದೂ ಹೋದೀತು. ಧೂಳಿಲ್ಲದ ಕೊಠಡಿಯುಳ್ಳ ತಜ್ಞರೇ ಅದಕ್ಕೆ ಗತಿ. ಅವರ ಸಂಭಾವನೆ ಹೊಸ ಗಣಕದ ಬೆಲೆಯನ್ನು ಮೀರುವುದೂ ಉಂಟು. ಅಜ್ಜಿಯ ಹಾಡಿಗೆ ಬೆಲೆ ಕಟ್ಟಬೇಕಾದವರು ಮನೆಯವರೇ.

ಕೈತಪ್ಪಿ ಅಳಿಸಿದ ಕಡತವೂ ಒಡನೆಯೇ ಮಾಯವಾಗುವುದಿಲ್ಲ. ತಟ್ಟೆಯ ಡಿಸ್ಕಿನಲ್ಲಿ ಮೊದಲು ಹೋಗುವುದು ಪರಿವಿಡಿಯ ಸಾಲು, ಪುಟವಲ್ಲ. ಆ ಡಿಸ್ಕಿನ ಮೇಲೆ ಹೊಸದೇನನ್ನೂ ಬರೆಯದಿದ್ದರೆ ಫೋಟೊರೆಕ್‌ನಂಥ ಉಚಿತ ತಂತ್ರಾಂಶ ಅದನ್ನು ಹೆಕ್ಕಿ ತಂದೀತು. ಕಡತದ ಹೆಸರು ಹೋಗಿ ಅಂಕಿಗಳಷ್ಟೇ ಉಳಿದಿರುತ್ತವೆ. ಈಚಿನ ಎಸ್‌ಎಸ್‌ಡಿಗಳಲ್ಲಿ ಈ ದಾಕ್ಷಿಣ್ಯವಿಲ್ಲ. ಅಳಿಸಿದ ಜಾಗವನ್ನು ಅವು ತಾವೇ ಗುಡಿಸಿಬಿಡುತ್ತವೆ. ಹೊಸ ವಿಂಡೋಸ್ ಗಣಕಗಳಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗವೂ ಇರಬಹುದು. ಆಗ 48 ಅಂಕಿಗಳ ಕೀಲಿಯಿಲ್ಲದೆ ಯಾವ ತಜ್ಞನೂ ಒಳಹೊಗಲಾರ.

ಎಲ್ಲ ದಾಟಿ ಹಳೆಯ ಪ್ರಬಂಧ ಕೈಗೆ ಬಂದಾಗ ಕನ್ನಡಿಗರಿಗೆ ಇನ್ನೊಂದು ಆಘಾತ ಕಾದಿರುತ್ತದೆ. ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಜಾತ್ರೆ! ಕಡತ ಕೆಟ್ಟಿತೆಂದು ಅದನ್ನು ಅಳಿಸಿದವರೂ ಇದ್ದಾರು. ಅದು ಕೆಟ್ಟಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬರೆದಾಗ ಕನ್ನಡದ ತುಂಡುಗಳು ರೋಮನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ಆ ಕಾಲದ ಫಾಂಟನ್ನು ಹುಡುಕಿ ಹಾಕಿಕೊಂಡು, ಕಡತವನ್ನು ಮತ್ತೆ ತೆರೆದರೆ, ಮೊದಲ ಪುಟದ ಅರ್ಪಣೆಯಿಂದ ಹಿಡಿದು ಕೊನೆಯ ಪುಟದ ತಿದ್ದುಪಡಿಯವರೆಗೆ ಸಾಲುಸಾಲಾಗಿ ಕನ್ನಡ ಎದ್ದು ಬರುತ್ತದೆ.