ಅಂಡಾಶಯದ ಗಡ್ಡೆಯಲ್ಲಿ ಸುಣ್ಣದಂಶ

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಕ್ಯಾಲ್ಸಿಫಿಕೇಶನ್’ ಎಂದು ಕಂಡ ಕೂಡಲೇ ಕೆಲವು ತಾಯಂದಿರು ಹಾಲು, ರಾಗಿ, ಕ್ಯಾಲ್ಸಿಯಂ ಮಾತ್ರೆ ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಗಡ್ಡೆಯಲ್ಲಿರುವ ಸುಣ್ಣದಂಶ ಊಟದಿಂದ ಬಂದದ್ದಲ್ಲ. ಕಿಡ್ನಿ ಕಲ್ಲಿಗೆಂದು ಕುಡಿಯುವ ಬಾಳೆದಿಂಡಿನ ರಸದಿಂದ ಇದು ಕರಗುವುದೂ ಇಲ್ಲ.

ಗರ್ಭಕೋಶದ ಎರಡೂ ಬದಿಗೆ ಒಂದೊಂದು ಅಂಡಾಶಯವಿದೆ. ಅಲ್ಲಿ ಆಗುವ ನೀರುಗುಳ್ಳೆಗಳಲ್ಲಿ ಬಹಳಷ್ಟು ಎರಡು ಮೂರು ತಿಂಗಳಲ್ಲಿ ತಾವಾಗಿಯೇ ಹೋಗುತ್ತವೆ. ಸುಣ್ಣದಂಶವಿರುವ ಗಡ್ಡೆ ಹೆಚ್ಚಾಗಿ ‘ಡರ್ಮಾಯ್ಡ್’ ಎಂಬ ಜಾತಿಯದು. ಅಂಡಾಣು ತಯಾರಾಗುವ ಜೀವಕೋಶಗಳಿಂದಲೇ ಇದು ಬೆಳೆಯುವುದರಿಂದ ಒಳಗೆ ಕೊಬ್ಬು, ಕೂದಲು, ಮೂಳೆ, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಆಪರೇಷನ್ ನಂತರ ಇದನ್ನು ನೋಡಿದ ಮನೆಯವರು ಹೆದರಿ ಮಾಟವೇ ಎಂದು ಕೇಳುವುದುಂಟು. ಇದು ಮಾಟವೂ ಅಲ್ಲ, ಅರ್ಧ ಬೆಳೆದ ಮಗುವೂ ಅಲ್ಲ. ಮದುವೆಯಾಗದ ಹುಡುಗಿಯರಲ್ಲೂ ಆಗುತ್ತದೆ, ಅದರಲ್ಲಿ ಯಾರ ತಪ್ಪೂ ಇಲ್ಲ.

ಸ್ಕ್ಯಾನಿಂಗ್‌ನಲ್ಲೇ ಸಾಮಾನ್ಯವಾಗಿ ಪತ್ತೆಯಾಗುತ್ತದೆ. ಅನುಮಾನವಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸಬೇಕಾದೀತು. ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ಮುಟ್ಟಿನ ದಿನಗಳಲ್ಲೂ ಏರಬಹುದು, ಅದೊಂದನ್ನೇ ನೋಡಿ ಕ್ಯಾನ್ಸರ್ ಎಂದುಕೊಳ್ಳಬೇಡಿ. ಡರ್ಮಾಯ್ಡ್ ಕ್ಯಾನ್ಸರಾಗುವುದು 100ರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಆದರೆ ಮುಟ್ಟು ನಿಂತವರಲ್ಲಿ ಗಡ್ಡೆ ಕಂಡರೆ, ಹೊಟ್ಟೆಯಲ್ಲಿ ನೀರು ತುಂಬಿದರೆ ತಡಮಾಡದೆ ಪರೀಕ್ಷೆ ಮುಗಿಸಬೇಕು.

ಡರ್ಮಾಯ್ಡ್ ಗಡ್ಡೆಯನ್ನು ಕರಗಿಸುವ ಮಾತ್ರೆಯಿಲ್ಲ. ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ವೈದ್ಯರು ಹೇಳಿದ ಸಮಯಕ್ಕೆ ಸ್ಕ್ಯಾನಿಂಗ್ ಮಾಡಿಸುತ್ತಿದ್ದರೆ ಸಾಕು. ಪ್ರತಿಸಲವೂ ಹಳೆಯ ರಿಪೋರ್ಟ್ ತನ್ನಿ, ಇಲ್ಲದಿದ್ದರೆ ಬೆಳೆದಿದೆಯೋ ಇಲ್ಲವೋ ತಿಳಿಯುವುದಿಲ್ಲ. ಸುಮಾರು 5 ಸೆಂ.ಮೀ.ಗಿಂತ ದೊಡ್ಡದಾದರೆ, ಬೆಳೆಯುತ್ತಿದ್ದರೆ, ನೋವಿದ್ದರೆ ಸಾಮಾನ್ಯವಾಗಿ ಆಪರೇಷನ್ ಸೂಚಿಸುತ್ತಾರೆ. ಇದನ್ನು ಬಹಳಷ್ಟು ಸಲ ಲ್ಯಾಪ್ರೋಸ್ಕೋಪಿಯಲ್ಲೇ ಮಾಡಬಹುದು. ಚಿಕ್ಕ ವಯಸ್ಸಿನವರಲ್ಲಿ ಸಾಧ್ಯವಾದಷ್ಟೂ ಗಡ್ಡೆಯನ್ನಷ್ಟೇ ಬಿಡಿಸಿ ಅಂಡಾಶಯ ಉಳಿಸುತ್ತಾರೆ. ಒಂದನ್ನು ತೆಗೆಯಬೇಕಾಗಿ ಬಂದರೂ ಇನ್ನೊಂದು ಚೆನ್ನಾಗಿದ್ದರೆ ಮುಟ್ಟು ಬರುತ್ತದೆ, ಗರ್ಭ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಗಿರುವವರು ಇದನ್ನು ನೆನಪಿಡಿ. ಗಡ್ಡೆಯ ಭಾರಕ್ಕೆ ಅಂಡಾಶಯ ತಿರುಚಿಕೊಂಡು ರಕ್ತ ಸಂಚಾರ ನಿಲ್ಲಬಹುದು. ಕಿಬ್ಬೊಟ್ಟೆಯ ಒಂದು ಬದಿಗೆ ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ ಬರುತ್ತದೆ. ಗರ್ಭಿಣಿಯರಲ್ಲೂ ಹೀಗಾಗಬಹುದು. ಗ್ಯಾಸ್ ಎಂದುಕೊಂಡು ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಗಂಟೆಗಳು ಕಳೆದಂತೆ ಅಂಡಾಶಯ ಉಳಿಯುವ ಅವಕಾಶ ಕಡಿಮೆಯಾಗುತ್ತದೆ. ನಡುವೆ ನೋವು ತಗ್ಗಿದರೂ ಸುಮ್ಮನಿರಬೇಡಿ. ಏನೂ ತಿನ್ನಿಸದೆ, ಕುಡಿಸದೆ, ಸ್ಕ್ಯಾನಿಂಗ್ ರಿಪೋರ್ಟ್ ಸಮೇತ ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿ.